ಯಾವ ಮೂಟೆಯ ಬೀಜ

ಬರಾಂಕಿಯಾ
14 ಮಾರ್ಚ್ 1996

ಪ್ರೀತಿಯ ಕುಸ್ತೋದಿಯಾ ದೊಡ್ಡಮ್ಮನಿಗೆ,

ಮೊದಲು ಸಂತೋಷದ ಸುದ್ದಿ. ಮೇ ಇಪ್ಪತ್ತೈದಕ್ಕೆ ಮದುವೆಗೆ ಚರ್ಚು ಸಿಕ್ಕಿತು. ಶನಿವಾರ, ಸಂಜೆ ಐದು ಗಂಟೆಗೆ. ಅದಕ್ಕಿಂತ ಮೊದಲು ಇಟ್ಟರೆ ಈ ಊರಿನ ಸೆಕೆಗೆ ಪಾದ್ರಿಗಳೇ ಕರಗಿಹೋಗುತ್ತಾರೆ ಎಂದು ವಿಲ್ಫ್ರಿದೊ ಹೇಳುತ್ತಾನೆ. ಅವನು ಸೆಕೆಯನ್ನು ಬೈಯುವ ಹಾಗಿಲ್ಲ ಬಿಡಿ, ಫ್ರಿಜ್ ರಿಪೇರಿ ಮಾಡುವವನಿಗೆ ಸೆಕೆಯೇ ಅನ್ನ ಹಾಕುವುದು. ನನ್ನ ಮದುವೆ ಉಡುಪನ್ನು ನಾನೇ ಕತ್ತರಿಸಿದೆ. ಕಾರ್ಖಾನೆಯಲ್ಲಿ ದಿನಕ್ಕೆ ನೂರು ಶಾಲಾ ಸಮವಸ್ತ್ರ ಕತ್ತರಿಸುವ ಕೈ ಆ ಬಿಳಿ ಬಟ್ಟೆಯನ್ನು ಮೂರು ಸಲ ಅಳೆದ ಮೇಲೇ ಕತ್ತರಿ ಹಿಡಿಯಿತು. ತೋಳು ಉದ್ದವಿರಲೋ ಮೊಣಕೈವರೆಗೆ ಸಾಕೋ, ನೀವೇ ಹೇಳಬೇಕು.

ವಿಲ್ಫ್ರಿದೊನ ತಾಯಿ ಪೆತ್ರೋನಮ್ಮನವರಿಗೆ ಪಿತ್ತಕೋಶದ ಕಲ್ಲು ತೆಗೆದರು. ಚೆನ್ನಾಗಿದ್ದಾರೆ. ಕಲ್ಲುಗಳನ್ನು ಗಾಜಿನ ಲೋಟದಲ್ಲಿ ಹಾಕಿಸಿಕೊಂಡು ಬಂದು ಬಂದವರಿಗೆಲ್ಲ ತೋರಿಸುತ್ತಾರೆ. ಆಪರೇಷನ್ನಿಗೆ ಮುಂಚೆ ಮನೆಯವರು ಇಬ್ಬರು ರಕ್ತ ಕೊಡಬೇಕು ಎಂದಿದ್ದರು. ವಿಲ್ಫ್ರಿದೊ ಸೂಜಿ ನೋಡಿಯೇ ಕುರ್ಚಿಯಿಂದ ಜಾರಿದ. ಅವನ ಅಣ್ಣ ಕೊಟ್ಟ, ನಾನು ಕೊಟ್ಟೆ.

ಇನ್ನೊಂದು ಸಣ್ಣ ವಿಷಯ. ಸೋಮವಾರ ರಕ್ತನಿಧಿಯಿಂದ ಕಾಗದ ಬಂತು. ನನ್ನ ರಕ್ತವನ್ನು ಅವರು ಬಳಸಲಿಲ್ಲವಂತೆ. ಈಗ ಕೊಟ್ಟ ರಕ್ತಕ್ಕೆಲ್ಲ ಚಾಗಸ್ ಕಾಯಿಲೆಯ ಪರೀಕ್ಷೆ ಮಾಡುತ್ತಾರೆ, ನನ್ನದರಲ್ಲಿ ಇದೆ ಎಂದು ಬಂದಿದೆ. ಮಣ್ಣಿನ ಗೋಡೆಯ ಬಿರುಕಿನಲ್ಲಿ ಇರುತ್ತದಲ್ಲ, ನೀವು ಪೀತೊ ಅನ್ನುವ ಹುಳು, ಅದು ಕಚ್ಚಿದರೆ ಬರುವಂಥದ್ದು. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಹೃದಯವನ್ನು ಊದಿಸುತ್ತದಂತೆ. ಡಾಕ್ಟರು ಚಿಕ್ಕವರು, ನನಗಿಂತ ಎರಡು ವರ್ಷ ದೊಡ್ಡವರಿರಬಹುದು. "ಪರೀಕ್ಷೆ ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗಿರತ್ತೆ. ಅಂದ್ರೆ ನಿಮಗೆ ಕಾಯಿಲೆ ಇರೋ ಸಾಧ್ಯತೆ ನೂರಕ್ಕೆ ತೊಂಬತ್ತೆಂಟು" ಎಂದರು. ಮಕ್ಕಳಾದರೆ ಮಗುವಿಗೂ ಹೋಗಬಹುದಂತೆ. ಅಮ್ಮ ನಲವತ್ತೊಂದನೇ ವಯಸ್ಸಿನಲ್ಲಿ ಬಟ್ಟೆ ಒಗೆಯುತ್ತಾ ಕುಸಿದು ಹೋಗಿಬಿಟ್ಟದ್ದು ನೆನಪಾಯಿತು. ವಿಲ್ಫ್ರಿದೊಗೆ ಇನ್ನೂ ಹೇಳಿಲ್ಲ. ಹೇಳಿದ ಮೇಲೆ ಆ ಶನಿವಾರ ಉಳಿಯುತ್ತದೋ ಇಲ್ಲವೋ. ನೀವು ಚಿಂತೆ ಮಾಡಬೇಡಿ.

ನಿಮ್ಮ
ಎಡೆಲ್ಮಿರಾ


ಸೊಕೊರೊ
23 ಮಾರ್ಚ್ 1996

ನನ್ನ ಎಡೆಲ್ಮಿರಾ,

ಚರ್ಚಿಗೆ ಅರ್ಧ ಪುಟ, ಪೆತ್ರೋನಮ್ಮನ ಕಲ್ಲಿಗೆ ಅರ್ಧ ಪುಟ, "ಸಣ್ಣ ವಿಷಯ" ಮಾತ್ರ ಕೊನೆಗೆ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ನಿನ್ನನ್ನು ಬೆಳೆಸಿದವಳು ನಾನು. ನೀನು ಅಕ್ಷರ ಸಣ್ಣ ಮಾಡಿದರೆ ಹೆದರಿದ್ದೀಯ ಅಂತಲೇ ಅರ್ಥ.

ಇರುವೆ ಎಂದ ಕೂಡಲೆ ನೆನಪಾಯಿತು. ಈ ವರ್ಷ ದಪ್ಪ ಕುಂಡೆಯ ಇರುವೆಗಳು ಈಸ್ಟರ್ ಹಬ್ಬಕ್ಕೆ ಮೊದಲೇ ಗೂಡಿನಿಂದ ಹೊರಟಿವೆ. ಉಪ್ಪು ಹಾಕಿ ಹುರಿದು ಒಂದು ಡಬ್ಬಿ ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಪೆತ್ರೋನಮ್ಮನಿಗೂ ಕೊಡು. ಸಮುದ್ರದ ಕಡೆಯವರು ಮೀನಿನ ಕಣ್ಣನ್ನೂ ಬಿಡುವುದಿಲ್ಲ, ಇರುವೆಗೆ ಮಾತ್ರ ಮುಖ ಸಿಂಡರಿಸುತ್ತಾರೆ ಎಂದು ಕೇಳಿದ್ದೇನೆ, ನೋಡೋಣ.

ಈಗ ನಿನ್ನ ಡಾಕ್ಟರ ತೊಂಬತ್ತೆಂಟಕ್ಕೆ ಬರುತ್ತೇನೆ. ನಾನು ಎರಡನೇ ಕ್ಲಾಸು ದಾಟಿದವಳಲ್ಲ. ಆದರೆ ಈ ತೊಂಬತ್ತೆಂಟು ನನಗೆ ಹಳೆಯ ಪರಿಚಯ. ಕಾಫಿ ಕ್ಯೂರಿಂಗಿನಲ್ಲಿ ಮೂವತ್ತೊಂದು ವರ್ಷ ಬೀಜ ಆರಿಸಿದೆನಲ್ಲ, ಎಂಬತ್ತೊಂದರಲ್ಲಿ ನಮ್ಮಲ್ಲಿಗೆ ಒಂದು ಕಣ್ಣಿನ ಯಂತ್ರ ಬಂತು. ಬೀಜಗಳು ಅದರ ಮುಂದೆ ಒಂದೊಂದಾಗಿ ಬೀಳುತ್ತವೆ, ಕೆಟ್ಟು ಕಪ್ಪಾದ ಕರಿಬೀಜ ಕಂಡರೆ ಉಫ್ ಎಂದು ಗಾಳಿ ಊದಿ ಪಕ್ಕದ ತಟ್ಟೆಗೆ ತಳ್ಳುತ್ತದೆ. ತಂದ ಎಂಜಿನಿಯರು ಎದೆ ಉಬ್ಬಿಸಿ ಹೇಳಿದ: "ನೂರಕ್ಕೆ ತೊಂಬತ್ತೆಂಟು ಸರಿ. ಇನ್ನು ಈ ಹೆಂಗಸರು ಬೇಡ. ತಟ್ಟೆಗೆ ಬಿದ್ದಿದ್ದನ್ನ ಕಣ್ಣುಮುಚ್ಚಿ ಎಸೀರಿ." ನಲವತ್ತು ಜನ ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಮಾರನೆಯ ದಿನ ನಾನು ಆ ತಟ್ಟೆಯೊಳಗೆ ಕೈ ಹಾಕಿದೆ. ಎಡೆಲ್ಮಿರಾ, ಅದರಲ್ಲಿ ಇದ್ದದ್ದೆಲ್ಲ ಬಂಗಾರದಂಥ ಬೀಜ. ಹಿಡಿ ತುಂಬ ಎತ್ತಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ಸುರಿದೆ. ಇಪ್ಪತ್ತೆರಡು ಬೀಜ. ಕರಿಯದು ಎಷ್ಟು ಅಂತ ಎಣಿಸಿ ಎಂದೆ. ಎರಡು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಎಣಿಸಿದರು. ಎರಡೇ.

ಯಂತ್ರ ಸುಳ್ಳು ಹೇಳಿರಲಿಲ್ಲ. ಸಾವಿರ ಬೀಜದಲ್ಲಿ ಕರಿಯದು ಇದ್ದದ್ದೇ ಎರಡು. ಎರಡನ್ನೂ ಅದು ಹಿಡಿಯಿತು. ಉಳಿದ ಒಳ್ಳೆಯ ಬೀಜ ಸಾವಿರಕ್ಕೆ ಎರಡು ಕಡಿಮೆ, ಅದರಲ್ಲಿ ನೂರಕ್ಕೆ ಎರಡರಂತೆ ತಪ್ಪಿತು, ಇಪ್ಪತ್ತು ಒಳ್ಳೆಯವೂ ಅದೇ ತಟ್ಟೆಗೆ ಬಿದ್ದವು. ತಪ್ಪು ಸಣ್ಣದೇ, ಆದರೆ ತಪ್ಪುವುದಕ್ಕೆ ಒಳ್ಳೆಯ ಬೀಜ ಅಷ್ಟೊಂದು ಇದ್ದವು. ತಟ್ಟೆಗೆ ಬಿದ್ದ ಮಾತ್ರಕ್ಕೆ ಬೀಜ ಕರಿಯದಾಗುವುದಿಲ್ಲ. ಆಮೇಲೆ ನಾವು ಹನ್ನೆರಡು ವರ್ಷ ಆ ತಟ್ಟೆಯನ್ನೇ ಆರಿಸಿಕೊಂಡು ಕೆಲಸ ಉಳಿಸಿಕೊಂಡೆವು. ಎಂಜಿನಿಯರಿಗೆ ಪ್ರತಿ ಕ್ರಿಸ್‌ಮಸ್ಸಿಗೆ ನಾನೇ ಒಂದು ಕೇಕು ಕಳಿಸುತ್ತಿದ್ದೆ, ನೋಯಲಿ ಎಂದು.

ನಿನ್ನ ಡಾಕ್ಟರು ಆ ಎಂಜಿನಿಯರಿನ ತಮ್ಮನಿರಬೇಕು. ಅವರನ್ನು ಒಂದೇ ಪ್ರಶ್ನೆ ಕೇಳು: ನಿಮ್ಮಲ್ಲಿ ರಕ್ತ ಕೊಡುವ ಸಾವಿರ ಜನರಲ್ಲಿ ನಿಜವಾಗಿ ಈ ಕಾಯಿಲೆ ಇರುವವರು ಎಷ್ಟು? ಸಮುದ್ರದ ಊರಿನಲ್ಲಿ ಪೀತೊ ಎಲ್ಲಿಂದ ಬರಬೇಕು. ಎರಡು ಮೂರು ಇದ್ದರೆ ಹೆಚ್ಚು. ಹಾಗಿದ್ದರೆ ನೀನು ತಟ್ಟೆಗೆ ಬಿದ್ದ ಇಪ್ಪತ್ತೆರಡರಲ್ಲಿ ಒಬ್ಬಳು, ಅಷ್ಟೆ.

ವಿಲ್ಫ್ರಿದೊಗೆ ಹೇಳು. ಬಚ್ಚಿಟ್ಟುಕೊಂಡು ಮದುವೆಯಾಗಬೇಡ. ತೋಳು ಮೊಣಕೈವರೆಗೆ ಸಾಕು, ನಿನ್ನ ಕೈ ಚೆನ್ನಾಗಿದೆ.

ನಿನ್ನ
ದೊಡ್ಡಮ್ಮ


ಬರಾಂಕಿಯಾ
2 ಏಪ್ರಿಲ್ 1996

ದೊಡ್ಡಮ್ಮ,

ನೀವು ನನ್ನ ಪಾಲಿಗೆ ಯಾವ ಡಾಕ್ಟರಿಗಿಂತಲೂ ದೊಡ್ಡವರು. ಅಕ್ಷರ ನೋಡಿ, ಎಷ್ಟು ದೊಡ್ಡದಾಗಿದೆ.

ನಿಮ್ಮ ಕಾಗದ ಬಂದ ದಿನವೇ ವಿಲ್ಫ್ರಿದೊಗೂ ಅವನ ತಾಯಿಗೂ ಹೇಳಿದೆ. ಕಾಫಿ ಬೀಜ ಇರಲಿಲ್ಲ, ಪೆತ್ರೋನಮ್ಮ ಸಾರಿಗೆ ಇಟ್ಟಿದ್ದ ತೊಗರಿಕಾಳನ್ನೇ ಊಟದ ಮೇಜಿನ ಮೇಲೆ ಸುರಿದು ಸಾವಿರ ಎಣಿಸಿದೆವು. ಎರಡು ಕಾಳಿಗೆ ಶಾಯಿ ಹಚ್ಚಿದೆವು. ವಿಲ್ಫ್ರಿದೊ ಯಂತ್ರವಾದ, ಉಫ್ ಉಫ್ ಎಂದು ಊದಿ ಅರ್ಧ ಕಾಳು ನೆಲಕ್ಕೆ ಹಾರಿಸಿದ. ಪೆತ್ರೋನಮ್ಮ ನಡುವಿನಲ್ಲಿ ಎಣಿಕೆ ತಪ್ಪಿಸಿ ಮತ್ತೆ ಮೊದಲಿಂದ ಶುರುಮಾಡಿಸಿದರು. ಕೊನೆಗೆ ತಟ್ಟೆಯ ಇಪ್ಪತ್ತೆರಡನ್ನು ತಾವೇ ಬೆರಳಿಟ್ಟು ಇನ್ನೊಮ್ಮೆ ಎಣಿಸಿದರು. "ನಿನ್ನ ದೊಡ್ಡಮ್ಮನ್ನ ಆಸ್ಪತ್ರೆಯಲ್ಲಿ ಕೂರಿಸ್ಬೇಕು, ಡಾಕ್ಟರ್‌ಗಳನ್ನ ಬೀಜ ಆರಿಸೋಕೆ ಕಳಿಸ್ಬೇಕು" ಎಂದರು. ಅಂದು ಸಾರಿನಲ್ಲಿ ಎರಡು ನೀಲಿ ಕಾಳು ಸಿಕ್ಕವು, ಎರಡೂ ವಿಲ್ಫ್ರಿದೊ ತಟ್ಟೆಗೆ.

ಇರುವೆ ಡಬ್ಬಿ ಖಾಲಿ. ಮುಖ ಸಿಂಡರಿಸಿದವರು ಯಾರೂ ಇಲ್ಲ. ಪೆತ್ರೋನಮ್ಮ ಅದು ಹುರಿದ ಸೀಗಡಿ ಎಂದುಕೊಂಡು ಅರ್ಧ ತಿಂದರು. ಆಮೇಲೆ ಹೇಳಿದೆವು. ಉಳಿದರ್ಧವನ್ನೂ ತಿಂದರು.

ಡಾಕ್ಟರನ್ನು ನಿಮ್ಮ ಪ್ರಶ್ನೆ ಕೇಳಿದೆ. ಪಾಪ, ಒಳ್ಳೆಯವರು. ರಿಜಿಸ್ಟರು ತೆಗೆದು ನೋಡಿದರು, ಕೆಂಪಗಾದರು, ಸಾವಿರಕ್ಕೆ ಎರಡು ಎಂದರು. ತಮಗೆ ಕಾಲೇಜಿನಲ್ಲಿ ಈ ಲೆಕ್ಕ ಹೇಳಿಕೊಟ್ಟಿದ್ದರು, ಆದರೆ ಒಬ್ಬ ಮನುಷ್ಯ ಎದುರಿಗೆ ಕೂತಾಗ ತೊಂಬತ್ತೆಂಟೇ ಬಾಯಿಗೆ ಬರುತ್ತದೆ ಎಂದು ಒಪ್ಪಿಕೊಂಡರು. ಆಮೇಲೆ ನೀವು ಬೆಟ್ಟದ ಕಡೆಯವರಾ, ಮಣ್ಣಿನ ಮನೆಯಲ್ಲಿ ಇದ್ದಿರಾ ಎಂದು ಕೇಳಿದರು. ಅಮ್ಮ ಬೆಟ್ಟದಲ್ಲಿದ್ದಳು, ನಾನು ಎಂಟು ದಿನದ ಕೂಸಿನಿಂದ ಸೊಕೊರೊ ಪೇಟೆಯಲ್ಲಿ ದೊಡ್ಡಮ್ಮನ ಹೆಂಚಿನ ಮನೆಯಲ್ಲೇ ಬೆಳೆದೆ ಎಂದೆ. ತಾಯಿಯಿಂದ ಬರುವುದು ಬಹಳ ಅಪರೂಪ ಎಂದರು. ಎರಡನೆಯ ಪರೀಕ್ಷೆಗೆ ರಕ್ತ ಬೊಗೊತಾದ ದೊಡ್ಡ ಲ್ಯಾಬಿಗೆ ಹೋಗಬೇಕು, ಸಮಯ ಹಿಡಿಯುತ್ತದೆ, ನಿಮ್ಮ ವಿಷಯದಲ್ಲಿ ಅಂಥ ಅವಸರವಿಲ್ಲ ಎಂದರು. ನನಗೂ ಬೇಡ ಅನ್ನಿಸಿತು. ಮತ್ತೆ ಆ ಕಾಗದಕ್ಕೆ ಕಾಯುವುದು ಯಾರು. ಮದುವೆಯಾದ ಕೂಡಲೆ ಮಗು ಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ನಿಮಗೆ ಮೊದಲು ಹೇಳುತ್ತಿದ್ದೇನೆ.

ನಿಮ್ಮ ಎಡೆಲ್ಮಿರಾ


ಸೊಕೊರೊ
10 ಏಪ್ರಿಲ್ 1996

ಎಡೆಲ್ಮಿರಾ,

ಎರಡನೆಯ ಪರೀಕ್ಷೆ ಮಾಡಿಸು. ಮದುವೆಗೆ ಮೊದಲೇ. ಕಾರಣ ಆಮೇಲೆ ಬರೆಯುತ್ತೇನೆ, ಇವತ್ತು ಕೈ ಓಡುತ್ತಿಲ್ಲ.

ದೊಡ್ಡಮ್ಮ


ಬರಾಂಕಿಯಾ
16 ಏಪ್ರಿಲ್ 1996

ದೊಡ್ಡಮ್ಮ,

ಎರಡೂವರೆ ಸಾಲಿನ ಕಾಗದ ನಿಮ್ಮಿಂದ ನನಗೆ ಬಂದದ್ದು ಇದೇ ಮೊದಲು. ನಾಲ್ಕು ಸಲ ಓದಿದೆ. ಆರೋಗ್ಯ ಸರಿಯಿಲ್ಲವೇ?

ಅಥವಾ ನಿಮಗೆ ಈ ಮದುವೆಯೇ ಇಷ್ಟವಿಲ್ಲವೇ? ನೀವು ನೇರ ಹೇಳುವವರು, ಹೇಳಿಬಿಡಿ. ಸಮುದ್ರದ ಕಡೆಯವರು ದುಡಿಯುವುದು ಕಡಿಮೆ, ಕುಣಿಯುವುದು ಹೆಚ್ಚು ಎಂದು ನೀವು ಹೇಳುತ್ತಿದ್ದದ್ದು ನನಗೆ ಮರೆತಿಲ್ಲ. ವಿಲ್ಫ್ರಿದೊ ಕಾಗದ ನೋಡಿ ನಕ್ಕ. "ಬೆಟ್ಟದೋರು ಹೀಗೇ ಕಣೆ, ಒಳ್ಳೇ ಸುದ್ದಿ ಬಂದ್ರೆ ಅದಕ್ಕೂ ಎರಡ್ನೇ ಸಾಕ್ಷಿ ಬೇಕು ಅಂತಾರೆ." ನಾನು ನಗಲಿಲ್ಲ. ಲೆಕ್ಕ ಹೇಳಿಕೊಟ್ಟವರೂ ನೀವೇ, ಈಗ ಅದನ್ನು ಅಳಿಸುತ್ತಿರುವವರೂ ನೀವೇ.

ಎಡೆಲ್ಮಿರಾ


ಸೊಕೊರೊ
21 ಏಪ್ರಿಲ್ 1996

ಮಗಳೇ,

ವಿಲ್ಫ್ರಿದೊ ನನಗೆ ಇಷ್ಟ. ಸೂಜಿ ನೋಡಿ ಜಾರಿದರೂ ಹೋಗಿ ಕುರ್ಚಿಯಲ್ಲಿ ಕೂತನಲ್ಲ, ಅಷ್ಟು ಸಾಕು ನನಗೆ. ವಿಷಯ ಅದಲ್ಲ. ಕೂತು ಓದು.

ಕ್ಯೂರಿಂಗಿನ ಕಥೆಯಲ್ಲಿ ಒಂದು ಮಾತು ನಾನು ಬಿಟ್ಟಿದ್ದೆ. ಯಂತ್ರಕ್ಕೆ ಬೀಜ ಸುರಿಯುವ ಮುಂಚೆ ನಾವು ಮೂಟೆಯ ಚೀಟಿ ನೋಡುತ್ತಿದ್ದೆವು, ಯಾವ ತೋಟದ್ದು ಎಂದು. ಒಳ್ಳೆಯ ತೋಟದ ಮೂಟೆಯಾದರೆ ತಟ್ಟೆಗೆ ಬಿದ್ದದ್ದು ಬಹುಪಾಲು ಒಳ್ಳೆಯದೇ. ಹುಳು ಬಿದ್ದ ತೋಟದ್ದಾದರೆ ಲೆಕ್ಕವೇ ಬೇರೆ, ತಟ್ಟೆ ತುಂಬ ಕರಿಬೀಜ. ಯಂತ್ರ ಅದೇ, ತಪ್ಪುವುದೂ ಅಷ್ಟೇ. ಮೂಟೆ ಬೇರೆ. ನಾನು ನಿನಗೆ ಬರಾಂಕಿಯಾದ ಮೂಟೆಯ ಲೆಕ್ಕ ಬರೆದೆ. ನೀನು ಆ ಮೂಟೆಯ ಬೀಜವಲ್ಲ.

ನೀನು ನನ್ನ ಮನೆಗೆ ಬಂದದ್ದು ಎಂಟು ದಿನದ ಕೂಸಾಗಿ ಅಲ್ಲ. ಐದು ವರ್ಷದವಳಾಗಿ. ಹುಟ್ಟಿದ್ದು ಮಿರಾಬೆಲ್ ಬೆಟ್ಟದ ಮೇಲೆ, ನಾನೂ ನಿನ್ನ ಅಮ್ಮನೂ ಹುಟ್ಟಿದ ಅದೇ ಮನೆಯಲ್ಲಿ. ಮಣ್ಣಿನ ಗೋಡೆ, ಹುಲ್ಲಿನ ಮಾಡು. ಗೋಡೆಯ ಬಿರುಕಿನಲ್ಲಿ ಪೀತೊ ಇದ್ದವು. ಅವು ಕಚ್ಚಿದವರಿಗೆ ಸಿಹಿ ರಕ್ತ ಎಂದು ನಮ್ಮಮ್ಮ ಹೇಳುತ್ತಿದ್ದಳು, ನಾವು ಮಕ್ಕಳು ಯಾರ ರಕ್ತ ಹೆಚ್ಚು ಸಿಹಿ ಎಂದು ಕಚ್ಚಿದ ಗುರುತು ಎಣಿಸಿ ಜಗಳವಾಡುತ್ತಿದ್ದೆವು. ನಿನಗೆ ಮೂರು ವರ್ಷವಿದ್ದಾಗ ಒಂದು ಬೆಳಿಗ್ಗೆ ಬಲಗಣ್ಣು ಊದಿಕೊಂಡಿತ್ತು, ವಾರವಾದರೂ ಇಳಿಯಲಿಲ್ಲ, ಈ ಕಾಯಿಲೆ ಹತ್ತಿದವರಿಗೆ ಮೊದಲು ಹಾಗೇ ಊದುತ್ತದಂತೆ. ಆ ಕಣ್ಣು ನನ್ನ ತಲೆಯಿಂದ ಹೋಗಿಲ್ಲ.

ಪೇಟೆಯ ಸನ್ಯಾಸಿನಿಯರ ಶಾಲೆಗೆ ಪೇಟೆಯ ಮಕ್ಕಳನ್ನು ಮಾತ್ರ ಸೇರಿಸುತ್ತಿದ್ದರು. ಇವಳು ಹುಟ್ಟಿದ ವಾರದಿಂದ ನನ್ನ ಹತ್ತಿರವೇ ಇದ್ದಾಳೆ ಎಂದು ಬರೆಸಿದೆ. ಯಾರಾದರೂ ಕೇಳಿದರೆ ಹಾಗೇ ಹೇಳು ಎಂದು ನಿನಗೂ ಕಲಿಸಿದೆ. ನೀನು ಚೆನ್ನಾಗಿ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಅದನ್ನೇ ನಂಬಿದೆ. ನಿನ್ನ ಅಮ್ಮ ಸಂತೆಯ ದಿನ ಬಂದಾಗ ನೀನು ಅವಳೆದುರಿಗೇ ಹಾಗೆ ಹೇಳಿದೆ. ಅವಳು ಸುಮ್ಮನಿದ್ದಳು, ನೀನು ಓದಲಿ ಎಂದು. ಅವಳು ಹೋದ ಮೇಲಾದರೂ ನಾನು ತಿದ್ದಬಹುದಿತ್ತು. ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ, ವರ್ಷಗಳು ಹೋದವು.

ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಇದೆಲ್ಲ ಗೊತ್ತಿತ್ತು. ನಿನ್ನ ಭಯ ಹೋಗಲಿ ಎಂದು ಒಳ್ಳೆಯ ಮೂಟೆಯ ಲೆಕ್ಕ ಬರೆದೆ. ಎರಡನೆಯ ಪರೀಕ್ಷೆ ಹೇಗೂ ಮಾಡುತ್ತಾರೆ, ಆಗ ನಿಜ ತಾನಾಗಿ ತಿಳಿಯುತ್ತದೆ ಎಂದುಕೊಂಡೆ. ನೀನು ಅದನ್ನೇ ಬೇಡ ಎಂದು ಬರೆದೆ, ಮಗು ಬೇಕು ಎಂದು ಬರೆದೆ. ನನ್ನ ಒಂದು ಸುಳ್ಳು ಡಾಕ್ಟರ ಲೆಕ್ಕದೊಳಗೆ ಹೋಗಿ ಕೂತಿತ್ತು.

ನಮ್ಮ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಸಾತುರ್ನಿನೊ ಇದ್ದಾನೆ. ಅವನ ಹತ್ತಿರ ಹೋಗಿ ಹೆಸರು ಹೇಳದೆ ಕೇಳಿದೆ. ಇಂಥ ಬೆಟ್ಟದ ಮನೆಗಳಿಂದ ಚಿಕ್ಕಂದಿನಲ್ಲೇ ಕೆಳಗೆ ಬಂದ ಸಾವಿರ ಮಕ್ಕಳಲ್ಲಿ ಐವತ್ತು ಜನಕ್ಕೆ ಇರಬಹುದು, ಇದು ನನ್ನ ಅಂದಾಜು ಎಂದ. ನಾನೇ ಕೂತು ಲೆಕ್ಕ ಹಾಕಿದೆ. ಐವತ್ತು ನಿಜವಾದವು ತಟ್ಟೆಗೆ ಬೀಳುತ್ತವೆ, ತಪ್ಪಿ ಬೀಳುವ ಒಳ್ಳೆಯವು ಹತ್ತೊಂಬತ್ತು. ಅರವತ್ತೊಂಬತ್ತರಲ್ಲಿ ಐವತ್ತು. ಇದು ನಿನ್ನ ಲೆಕ್ಕ. ತೊಂಬತ್ತೆಂಟೂ ಅಲ್ಲ, ನಾನು ಬರೆದದ್ದೂ ಅಲ್ಲ.

ವಿಲ್ಫ್ರಿದೊಗೆ ಓದಿ ಹೇಳು. ಬೈಯಬೇಕು ಅನ್ನಿಸಿದರೆ ಬೈದು ಬರೆ, ಸುಮ್ಮನಿರಬೇಡ.

ದೊಡ್ಡಮ್ಮ


ಬರಾಂಕಿಯಾ
4 ಮೇ 1996

ದೊಡ್ಡಮ್ಮ,

ಬೈಯಬೇಕು ಎಂದೇ ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಇದು ನಾಲ್ಕನೆಯದು.

ನೀವು ತಿಳಿದಂತೆ ಮಣ್ಣಿನ ಮನೆಯ ವಿಷಯಕ್ಕೆ ನನಗೆ ಸಿಟ್ಟು ಬರಲಿಲ್ಲ. ಶಾಲೆಯ ಸುಳ್ಳಿಗೂ ಅಲ್ಲ. ಅಮ್ಮ ನನ್ನನ್ನು ಎಂಟು ದಿನಕ್ಕೇ ಕೊಟ್ಟುಬಿಟ್ಟಳು ಎಂದು ನಂಬಿಕೊಂಡು ನಾನು ಬೆಳೆದೆ. ಸಂತೆಯ ದಿನ ಅವಳು ಬಂದರೆ ಯಾರೋ ನೆಂಟರ ಹೆಂಗಸಿಗೆ ಕೊಟ್ಟ ಹಾಗೆ ಕೆನ್ನೆ ಕೊಡುತ್ತಿದ್ದೆ. ಈಗ ನೋಡಿದರೆ ಐದು ವರ್ಷ ಅವಳ ಪಕ್ಕದಲ್ಲೇ ಮಲಗಿದ್ದೆ. ನಿಮ್ಮ ಕಾಗದದಲ್ಲಿ ಅರವತ್ತೊಂಬತ್ತರಲ್ಲಿ ಐವತ್ತು ಎಂದು ಓದಿ ಹೆದರಬೇಕಾದವಳು ನಾನು, "ಐದು ವರ್ಷ" ಎಂಬಲ್ಲಿಗೇ ಮತ್ತೆ ಮತ್ತೆ ಹೋಗಿ ಓದಿದೆ. ದೊಡ್ಡಮ್ಮ, ಇದಕ್ಕಿಂತ ದೊಡ್ಡ ಉಡುಗೊರೆ ಮದುವೆಗೆ ನೀವು ಕೊಡಲಾರಿರಿ. ಇಪ್ಪತ್ತು ವರ್ಷ ತಡವಾಗಿ ಕೊಟ್ಟಿರಿ, ಅದಕ್ಕೆ ಸಿಟ್ಟು. ಬಂದಾಗ ಎದುರಿಗೇ ತೀರಿಸಿಕೊಳ್ಳುತ್ತೇನೆ.

ವಿಲ್ಫ್ರಿದೊಗೆ ಓದಿ ಹೇಳಿದೆ. ಕಾಯಿಲೆ ಇದ್ದರೆ ಏನು ಎಂದು ಕೇಳಿದೆ. ಮದುವೆ ಮುಂದಕ್ಕೆ ಹಾಕೋಣ, ಬೇಕಾದರೆ ಬಿಡೋಣ ಎಂದೂ ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಡಲೇ ಇಲ್ಲ. "ಇದ್ರೆ ಇಬ್ರೂ ಕೂತು ಡಾಕ್ಟರ್ ಹೇಳಿದ್ದು ಮಾಡೋಣ, ಇಲ್ದಿದ್ರೆ ಕುಣಿಯೋಣ. ಎರಡಕ್ಕೂ ನೀನು ಇಲ್ಲೇ ಇರ್ಬೇಕಲ್ಲ." ಪೆತ್ರೋನಮ್ಮ ನಿಮಗೆ ಒಂದು ಮಾತು ಹೇಳಿ ಕಳಿಸಿದ್ದಾರೆ, ಅವರು ಹೇಳಿದ ಹಾಗೇ ಬರೆಯುತ್ತೇನೆ: "ನೀವು ಶಾಲೆಗೆ ಸುಳ್ಳು ಹೇಳಿದ್ರಿ. ನಾನು ನನ್ನ ವಯಸ್ಸನ್ನ ಪಾದ್ರಿಗೇ ಸುಳ್ಳು ಹೇಳಿ ಮದುವೆ ಆದೋಳು. ಬೇಗ ಬನ್ನಿ ತಾಯಿ, ಇರುವೆ ತನ್ನಿ."

ಡಾಕ್ಟರಿಗೆ ನಿಜ ಹೇಳಿದೆ. ಅವರು ಈ ಸಲ ಯಾವ ಸಂಖ್ಯೆಯನ್ನೂ ಬಾಯಿಬಿಡಲಿಲ್ಲ. ರಕ್ತ ತೆಗೆದು, ಎರಡು ಬೇರೆ ಬೇರೆ ವಿಧಾನದಲ್ಲಿ ಪರೀಕ್ಷೆ ಮಾಡಿ ಎಂದು ಬರೆದು ತುರ್ತು ಎಂದು ಬೊಗೊತಾಗೆ ಕಳಿಸಿದರು. ಮದುವೆಗೆ ಮೊದಲು ಬಂದರೆ ಬಂತು.

ಎಡೆಲ್ಮಿರಾ


ಬರಾಂಕಿಯಾ
18 ಮೇ 1996

ದೊಡ್ಡಮ್ಮ, ದೊಡ್ಡಮ್ಮ,

ಇಲ್ಲ. ಎರಡರಲ್ಲೂ ಇಲ್ಲ. ಆ ಹತ್ತೊಂಬತ್ತರಲ್ಲಿ ನಾನೊಬ್ಬಳು.

ಡಾಕ್ಟರು ಕಾರ್ಖಾನೆಯ ಬಾಗಿಲಿಗೇ ಬಂದು ಹೇಳಿದರು. ನಾನು ಕೈಯಲ್ಲಿದ್ದ ಕತ್ತರಿಯ ಸಮೇತ ಅವರನ್ನು ತಬ್ಬಿಕೊಂಡೆ, ಪುಣ್ಯಕ್ಕೆ ಏನೂ ಆಗಲಿಲ್ಲ. ನನ್ನ ಕಣ್ಣಿನ ಕಥೆಯನ್ನೂ ಅವರಿಗೆ ಹೇಳಿದ್ದೆ. ಕಣ್ಣು ಊದಲು ಒಂದು ಕಣಜ ಸಾಕು, ನಿಮ್ಮ ದೊಡ್ಡಮ್ಮನವರಿಗೆ ಆ ಒಂದು ಬೆಳಿಗ್ಗೆ ಮಾತ್ರ ಅಚ್ಚೊತ್ತಿ ಉಳಿದಿದೆ, ಊದದೇ ಇದ್ದ ಬೆಳಗುಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಎಂದರು. ಅವರನ್ನೂ ಮದುವೆಗೆ ಕರೆದಿದ್ದೇನೆ.

ವಿಲ್ಫ್ರಿದೊ ಅಳುತ್ತಾ ಐಸ್ ಅಂಗಡಿಗೆ ಹೋಗಿ, ಮದುವೆಗೆಂದು ಹೇಳಿದ್ದಕ್ಕಿಂತ ಎರಡು ಪಟ್ಟು ಐಸ್ ಹೇಳಿ ಬಂದಿದ್ದಾನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ. ಹಗುರವಾದ ಬಟ್ಟೆ ತನ್ನಿ, ಆ ಉಣ್ಣೆಯ ಶಾಲು ಬೇಡ. ಉಳಿದದ್ದು ಬಂದ ಮೇಲೆ.

ನಿಮ್ಮ ಎಡೆಲ್ಮಿರಾ


ಸೊಕೊರೊ
27 ಜೂನ್ 1996

ನನ್ನ ಎಡೆಲ್ಮಿರಾ, ಜೊತೆಗೆ ವಿಲ್ಫ್ರಿದೊ (ನೀನೂ ಕೇಳಿಸಿಕೊ),

ಶಾಲು ತಂದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಅದನ್ನು ಐಸ್ ಪೆಟ್ಟಿಗೆಗೆ ಹೊದಿಸಿದ್ದು ಪೆತ್ರೋನಮ್ಮ, ಅದರಲ್ಲಿ ಇನ್ನೂ ಮೀನಿನ ವಾಸನೆ ಇದೆ.

ಮದುವೆಯ ದಿನ ಎರಡು ಹಾಡಿಗೆ ಕುಣಿದು ನಾನು ಗೋಡೆ ಪಕ್ಕ ಕೂತದ್ದನ್ನು ನೀನು ನೋಡಿದೆ. ಬಸ್ಸಿನ ಆಯಾಸ ಎಂದುಕೊಂಡು ನಿಂಬೆ ಷರಬತ್ತು ತಂದುಕೊಟ್ಟೆ. ಆಯಾಸವಲ್ಲ, ಹೊಸ ಚಪ್ಪಲಿ ಕಚ್ಚುತ್ತಿತ್ತು. ಆದರೆ ಇನ್ನೊಂದು ವಿಷಯವೂ ಇತ್ತು, ಅದನ್ನು ಈಗ ಹೇಳುತ್ತೇನೆ. ಒಂದು ಸುಳ್ಳನ್ನು ಇಪ್ಪತ್ತು ವರ್ಷ ಸಾಕಿ ನೋಡಿದೆ. ಇದನ್ನು ಒಂದು ತಿಂಗಳು ಸಾಕಿದ್ದೇ ಹೆಚ್ಚಾಯಿತು.

ನಿನಗೆ ಆ ನಿಜ ಬರೆದ ವಾರವೇ ನನ್ನ ರಕ್ತವನ್ನೂ ಸಾತುರ್ನಿನೊಗೆ ಕೊಟ್ಟೆ. ಇಪ್ಪತ್ತು ವರ್ಷ ಬೆಟ್ಟದ ಅದೇ ಮನೆಯಲ್ಲಿ ಮಲಗಿದವಳು ನಾನು. ಬಸ್ ಹತ್ತುವ ಹಿಂದಿನ ದಿನ ಉತ್ತರ ಬಂತು. ಇದೆ. ಎರಡು ವಿಧದಲ್ಲೂ ಇದೆ.

ಈಗ ನೀನು ಎದ್ದು ಬಸ್ ಸ್ಟ್ಯಾಂಡಿಗೆ ಓಡಬೇಡ. ಪೂರ್ತಿ ಓದು. ಹೃದಯದ ಬಡಿತ ಗೀಚುವ ಇ.ಸಿ.ಜಿ. ಮಾಡಿದರು, ಎದೆಯ ಚಿತ್ರ ತೆಗೆದರು. ಇಲ್ಲಿನ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಆ ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು, ಇದು ನಲವತ್ತು ವರ್ಷದವಳ ಹೃದಯ ಎಂದರು. ಈ ಕಾಯಿಲೆ ಇರುವ ಹತ್ತು ಜನರಲ್ಲಿ ಏಳು ಜನಕ್ಕೆ ಸಾಯುವವರೆಗೂ ಹೃದಯಕ್ಕೆ ಏನೂ ಆಗುವುದಿಲ್ಲವಂತೆ. ನನಗೆ ಅದು ಗೊತ್ತಿರಲಿಲ್ಲ. ಈ ಕಾಯಿಲೆ ಎಂದರೆ ನನ್ನ ಕಣ್ಣೆದುರು ಬರುತ್ತಿದ್ದದ್ದು ಒಗೆಯುವ ಕಲ್ಲಿನ ಪಕ್ಕ ಬಿದ್ದ ನಿನ್ನ ಅಮ್ಮ ಒಬ್ಬಳೇ. ಉಳಿದ ಏಳು ಜನ ಎಲ್ಲಿದ್ದರು ಎಂದರೆ, ಒಬ್ಬಳು ನನ್ನ ಕನ್ನಡಿಯಲ್ಲೇ ಇದ್ದಳು. ಅರವತ್ತೇಳು ವರ್ಷದಿಂದ ತಿಂದುಂಡು ಓಡಾಡಿಕೊಂಡಿದ್ದಳು. ಅವಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದಾರೆ. ತೋರಿಸುತ್ತೇನೆ. ಮುಂದಿನ ಕಾರ್ನಿವಲ್‌ಗೆ ಕುಣಿಯಲು ನಿಮ್ಮಲ್ಲಿಗೆ ಬರುತ್ತೇನೆ, ಹಳೆಯ ಚಪ್ಪಲಿ ಹಾಕಿಕೊಂಡು.

ಈಗ ಹೊಸ ಸುದ್ದಿ. ಸಾತುರ್ನಿನೊ ನನ್ನ ಲೆಕ್ಕದ ಚೀಟಿಯನ್ನು ಡಾಕ್ಟರಮ್ಮನಿಗೆ ತೋರಿಸಿದ್ದಾನೆ. ಪರೀಕ್ಷೆಯ ಕಾಗದ ಹಿಡಿದು ಅಳುತ್ತಾ ಬರುವವರ ಜೊತೆ ಕೂತು ಮಾತಾಡಲು ಒಬ್ಬರು ಬೇಕು, ನಮಗೆ ಬಿಡುವಿಲ್ಲ ಎಂದು ಅವರೇ ಕೇಳಿದರು. ಈಗ ಪ್ರತಿ ಗುರುವಾರ ಆರೋಗ್ಯ ಕೇಂದ್ರದ ಹಜಾರದಲ್ಲಿ ನನಗೊಂದು ಮೇಜು, ಎರಡು ಕುರ್ಚಿ. ಎರಡನೇ ಕ್ಲಾಸಿನವಳಿಗೆ ಮೇಜು ಕೊಟ್ಟಿದ್ದಾರೆ ಎಂದು ಪೆತ್ರೋನಮ್ಮನಿಗೆ ತಪ್ಪದೆ ಹೇಳು. ಬಂದವರನ್ನು ನಾನು ಮೊದಲು ಕೇಳುವುದು ಒಂದೇ: ಚಿಕ್ಕಂದಿನಲ್ಲಿ ಎಲ್ಲಿ ಮಲಗುತ್ತಿದ್ದಿರಿ? ಅದು ತಿಳಿಯದೆ ಮುಂದಿನ ಲೆಕ್ಕಕ್ಕೆ ಹೋಗುವುದೇ ಇಲ್ಲ.

ಈ ಗುರುವಾರ ಒಬ್ಬ ಹೆಂಗಸು ಬಂದಳು. ಹೆಸರು ಎದುವಿಹೆಸ್, ನನ್ನದೇ ವಯಸ್ಸು, ಮುತ್ತಿನ ಓಲೆ, ಇಸ್ತ್ರಿ ಮಾಡಿದ ರವಿಕೆ. ಅವಳ ಗಂಡ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟಿದ್ದವನು. ಕೇಳಿದೆ. ಹೆಂಚಿನ ಮನೆಯಲ್ಲಿ, ಚೌಕದ ಪಕ್ಕ, ಹುಟ್ಟಿದಾಗಿನಿಂದ ಎಂದಳು. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ನಾನು ಪೆನ್ನು ಕೆಳಗಿಟ್ಟು ಹೇಳಿದೆ:

"ನಾನೂ ಯಾರು ಕೇಳಿದ್ರೂ ಹೆಂಚಿನ ಮನೆ ಅಂತಾನೇ ಹೇಳ್ತಿದ್ದೆ. ಒಂದು ಮಗು ಬಾಯಲ್ಲೂ ಹೇಳಿಸ್ದೆ. ಹುಟ್ಟಿದ್ದು ಮಿರಾಬೆಲ್ ಬೆಟ್ಟದಲ್ಲಿ, ಹುಲ್ಲಿನ ಮಾಡು. ಇಗೋ, ಪೀತೊ ಕಚ್ಚಿದ್ದು ಇಲ್ಲಿ."

ಅವಳು ನನ್ನ ತೋಳನ್ನೇ ನೋಡುತ್ತಾ ಕೂತಳು. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೇಜಿನ ಮೇಲೆ ಬಗ್ಗಿ, ಮಿರಾಬೆಲ್ ಎದುರಿಗಿರುವ ಬೆಟ್ಟದ ಹೆಸರು ಹೇಳಿದಳು. ನಮ್ಮ ಮನೆಯ ಹೊಗೆ ಅವರಿಗೆ ಕಾಣುತ್ತಿತ್ತಂತೆ. ಅವರದು ನಮಗೂ ಕಾಣುತ್ತಿತ್ತು. ಇಬ್ಬರೂ ಎಷ್ಟು ನಕ್ಕೆವೆಂದರೆ ಸಾತುರ್ನಿನೊ ಲ್ಯಾಬಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತ, ಕಾಗದದಲ್ಲಿ ಒಳ್ಳೆಯ ಸುದ್ದಿಯಾ ಎಂದು ಕೇಳಿದ. ಕಾಗದವನ್ನು ನಾವು ಇನ್ನೂ ಬಿಚ್ಚಿರಲೇ ಇಲ್ಲ.

ಭಾನುವಾರ ಅವಳು ಊಟಕ್ಕೆ ಬರುತ್ತಾಳೆ, ಆಡಿನ ಮಾಂಸ ಹೇಳಿದ್ದೇನೆ. ಇಬ್ಬರಿಗೂ ನನ್ನ ಮುತ್ತುಗಳು.

ಕುಸ್ತೋದಿಯಾ ದೊಡ್ಡಮ್ಮ
ಹುಟ್ಟಿದ್ದು ಮಿರಾಬೆಲ್